ಪದ ಬೇಕು: ಹೊಳೆಯ ‘ಪುನಶ್ಚೇತನ’ಕ್ಕೆ ಬೋರ್ಡಿನ ಮೇಲೆ ಏನು ಬರೆಸೋದು?

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಸಹಾಯ ಬೇಕು. ಮೈಸೂರು ರಸ್ತೆ ಪಕ್ಕ ವೃಷಭಾವತಿ ದಡದ ಒಂದು ತುಂಡನ್ನು ನಮ್ಮ ಬೀದಿಯವರು ಭಾನುವಾರ ಭಾನುವಾರ ಚೊಕ್ಕಟ ಮಾಡುತ್ತಿದ್ದೇವೆ. ಹೋದ ವಾರ ಹೂಳಿನಿಂದ ಎರಡು ಹಾಸಿಗೆ, ಒಂದು ಒಡೆದ ಕಮೋಡು ಎತ್ತಿದೆವು. ಅಲ್ಲೊಂದು ಬೋರ್ಡ್ ಹಾಕಬೇಕು. 6 ಅಡಿ ಅಗಲ. ಪೇಂಟರ್ ನಾಳೆ ಬೆಳಗ್ಗೆ 9ಕ್ಕೆ ಬರುತ್ತಾನೆ. ‘ವೃಷಭಾವತಿ ನದಿ ಪುನಶ್ಚೇತನ ಮತ್ತು ಸಮುದಾಯ ನಿರ್ವಹಣೆ’ ಅಂತ ಬರೆದಿಟ್ಟಿದ್ದೆ. ಓದಿದ ಹಾಲಿನವನು ‘ಇಲ್ಲಿ ಆಫೀಸ್ ಬರ್ತಾ ಇದೆಯಾ ಸಾರ್?’ ಅಂದ. ಬೇರೆ ಏನಾದರೂ ಹೇಳಿ.

———

‘ನಿರ್ವಹಣೆ’ ಬೇಡ, ‘ಆರೈಕೆ’ ಅನ್ನಿ. ಹಳಗನ್ನಡದ ‘ಆರಯ್’ನಿಂದ ಬಂದದ್ದು. ವಿಚಾರಿಸುವುದು, ಕಾಪಾಡುವುದು ಎರಡೂ ಅದರೊಳಗಿವೆ. ‘ನದಿ’ ಯಾಕೆ, ‘ಹೊಳೆ’ ಇಲ್ಲವಾ? ಮಲೆಯಾಳದ ‘ಪುಳ’ ಅದರ ಒಡಹುಟ್ಟು. ನೀವು ಎತ್ತಿದ ‘ಹೂಳು’ ಕೂಡ ಹಳೆಯ ‘ಪೂೞ್’. ಹೆಣ ಹೂಳುವುದೂ ಅದೇ, ಹೊಳೆ ಹೂಳುವುದೂ ಅದೇ.

———

ಆರೈಕೆ ಬಾಣಂತಿಗೆ, ರೋಗಿಗೆ. ಹೊಳೆಗಲ್ಲ. ‘ಪುನಶ್ಚೇತನ’ ಸರಿಯಾಗಿದೆ. ವಿಸರ್ಗ ಸೇರಿಸಿ ‘ಪುನಃಶ್ಚೇತನ’ ಅಂತ ಬರೆಸಬೇಡಿ, ಅಷ್ಟೇ. ಸಂಧಿಯಲ್ಲಿ ಅದು ಶಕಾರ ಆಗಿಹೋಗಿದೆ. ಊರ ತುಂಬ ಇದೇ ತಪ್ಪು.

———

ರೋಗಿ ಅಲ್ಲದೆ ಮತ್ತೇನು? ಆ ನೀರಿನ ನೊರೆ ನೋಡಿದ್ದೀರಾ? ಕಡತದ ಪದವನ್ನು ಬೀದಿಗೆ ತರಬೇಡಿ. ಸಂಸ್ಕೃತ ಪೂರ್ತಿ ತೆಗೆಯಿರಿ.

———

ಹಾಗಿದ್ದರೆ ‘ವೃಷಭಾವತಿ’ಯನ್ನೂ ತೆಗೆಯಿರಿ ಸ್ವಾಮಿ. ‘ಎತ್ತಿನಹೊಳೆ’ ಅನ್ನೋಣ ಅಂದರೆ ಸಕಲೇಶಪುರದ ಕಡೆಯವರು ಆಗಲೇ ಇಟ್ಟುಕೊಂಡಿದ್ದಾರೆ.

———

‘ಬಸವನಹೊಳೆ’ ಅನ್ನಿ. ದೊಡ್ಡಬಸವನ ಕಾಲಡಿ ಹುಟ್ಟಿತು ಅಂತ ಬಸವನಗುಡಿಯಲ್ಲಿ ಇವತ್ತಿಗೂ ಹೇಳುತ್ತಾರೆ. ‘ವೃಷಭ’ದ ತದ್ಭವವೇ ‘ಬಸವ’.

———

ತದ್ಭವ ಅಂದರೂ ಸಾಲವೇ ಅಲ್ವಾ? ತುಂಬಾ ವರ್ಷ ಆಯಿತು ಅಂತ ಸಾಲ ತೀರಿಹೋಗುತ್ತಾ?

———

ನಾನು ಕೆಂಗೇರಿಯವಳು. ಮೇಷ್ಟ್ರುಗಳೇ, ಇಲ್ಲಿ ಯಾರ ಬಾಯಲ್ಲೂ ನದಿ ಇಲ್ಲ, ಹೊಳೆ ಇಲ್ಲ. ಬರೀ ‘ಕೆಂಗೇರಿ ಮೋರಿ’. ನೀವು ಸಂಸ್ಕೃತದ ಮೇಲೆ ಜಗಳ ಆಡುತ್ತಿರುವಾಗ ಗೆದ್ದಿರುವುದು ಉರ್ದು-ಹಿಂದಿಯ ‘ಮೋರಿ’. ಪದ ಎಲ್ಲಿಂದ ಬಂತು ಅನ್ನುವುದು ನನಗೆ ಮುಖ್ಯವಲ್ಲ. ಮೋರಿ ಅಂದ ಮೇಲೆ ಕಸದ ಚೀಲ ಎಸೆಯಲು ಯಾರಿಗೆ ಸಂಕೋಚ? ಕಾಗದಪತ್ರದಲ್ಲಿ ‘ರಾಜಕಾಲುವೆ’ ಅಂತಾರೆ. ಕಾಲುವೆ ಅಂದರೆ ಯಾರೋ ತೋಡಿದ್ದು. ಇದನ್ನು ಯಾರೂ ತೋಡಿಲ್ಲ. ಬೈರಮಂಗಲ ಕೆರೆ ದಾಟಿ, ಅರ್ಕಾವತಿ ಸೇರಿ, ಕಾವೇರಿಗೆ ಹೋಗುವ ನೀರು ಇದು. ‘ಪುನಶ್ಚೇತನ’ ಆಮೇಲೆ ಆಗಲಿ. ಬೋರ್ಡಿನಲ್ಲಿ ಮೊದಲು ಅದು ಹೊಳೆ ಅಂತ ಬರೆಸಿ.

———

ಸಮ್ಮೇಳನದ ಭಾಷಣ ಚೆನ್ನಾಗಿತ್ತು. ಕೇಳಿದ್ದು ಪದ.

———

ಮೊದಲು ಕೇಳಿದವನು ನಾನೇ. ಬೋರ್ಡ್ ಆಯಿತು. ಪೇಂಟರ್ ‘ಶಕ್ಕೆ ಚ ಒತ್ತು ಕೊಟ್ಟರೆ ಬಸ್ಸಿಂದ ಕಾಣಲ್ಲ ಸಾರ್’ ಅಂದ. ಪುನಶ್ಚೇತನ ಅಲ್ಲಿಗೇ ಬಿತ್ತು. ಕೊನೆಗೆ ಬರೆಸಿದ್ದು ಇಷ್ಟು: ‘ಇದು ಮೋರಿ ಅಲ್ಲ. ವೃಷಭಾವತಿ ಹೊಳೆ. ಆರೈಕೆ: ಈ ಬೀದಿಯವರು.’ ಕೆಂಗೇರಿಯವರಿಗೆ ಥ್ಯಾಂಕ್ಸ್.

———

‘ಬೋರ್ಡ್’ ಅಂತೆ, ‘ಥ್ಯಾಂಕ್ಸ್’ ಅಂತೆ. ‘ಹಲಗೆ’ ಏನಾಯಿತು?