9 ವೋಲ್ಟ್ ಕೊಟ್ಟರೆ ತಾಮ್ರ ಪುಡಿಯಾಗಿ ಉದುರುತ್ತಿದೆ, ಏನು ತಪ್ಪು?

ಹಿತ್ತಾಳೆಪ್ರಿಯ:
ತೋಟದ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಮಿಕ್ಕಿತ್ತು. ಲೀಟರಿಗೆ 200 ಗ್ರಾಂನಂತೆ ಕರಗಿಸಿ, 4 × 2.5 ಸೆಂ.ಮೀ. ಅಳತೆಯ ಹಿತ್ತಾಳೆ ಬಿಲ್ಲೆಗೆ ತಾಮ್ರ ಹಿಡಿಸಲು ಕುಳಿತೆ. 1.5 ವೋಲ್ಟಿನ ಸೆಲ್ ತೀರಾ ನಿಧಾನವೆನ್ನಿಸಿ 9 ವೋಲ್ಟಿನ ಅಡಾಪ್ಟರ್ ಸಿಕ್ಕಿಸಿದೆ. ಮೀಟರ್ 2 ಆಂಪಿಯರ್ ತೋರಿಸಿತು. 20 ನಿಮಿಷಕ್ಕೆ ಬಿಲ್ಲೆಯ ಮೇಲೆ ಕಾಫಿಪುಡಿಯಂಥ ಪದರ ಕೂತಿದೆ, ಬೆರಳಾಡಿಸಿದರೆ ಉದುರುತ್ತದೆ. ಇನ್ನೊಂದು ತಂತಿಗೆ ಕಟ್ಟಿ ದ್ರಾವಣದಲ್ಲಿ ಇಳಿಬಿಟ್ಟ ತಾಮ್ರದ ಪಟ್ಟಿ 0.8 ಗ್ರಾಂ ಸವೆದಿದೆ, ಬಿಲ್ಲೆಗೆ ಬಂದದ್ದು 0.3 ಗ್ರಾಂ. ಮಿಕ್ಕಿದ್ದು ಎಲ್ಲಿ ಹೋಯಿತು? 12 ವೋಲ್ಟಿಗೆ ಏರಿಸಲೇ?

ಹಳೆಗಿಲೀಟು:
ಏರಿಸಬೇಡಿ, ಇಳಿಸಿ. ಎಷ್ಟು ತಾಮ್ರ ಸಾಗುತ್ತದೆ ಎಂಬುದು ಆಂಪಿಯರ್ ಮತ್ತು ಸಮಯದ ಲೆಕ್ಕ: 1 ಆಂಪಿಯರ್ ಒಂದು ಗಂಟೆ ಹರಿದರೆ 1.186 ಗ್ರಾಂ. ನಿಮ್ಮ 2 ಆಂಪಿಯರಿಗೆ 20 ನಿಮಿಷದಲ್ಲಿ 0.79 ಗ್ರಾಂ. ಪಟ್ಟಿ ಸವೆದದ್ದೂ ಅಷ್ಟೇ, ಈ ಲೆಕ್ಕದ ನಿಯಮ ಕೊಟ್ಟ ವಿಜ್ಞಾನಿ ಫ್ಯಾರಡೆ ನಿಮಗೆ ಮೋಸ ಮಾಡಿಲ್ಲ.

ವೋಲ್ಟೇಜ್ ಆ ಆಂಪಿಯರನ್ನು ದೂಡುತ್ತದೆ. ಆದರೆ ಬಿಲ್ಲೆಗೆ ಅಂಟಿಕೊಂಡಿರುವ ತೆಳು ನೀರಿನ ಪದರದಲ್ಲಿ ತಾಮ್ರದ ಅಯಾನು (ವಿದ್ಯುದಂಶ ಹೊತ್ತ ಕಣ) ಖರ್ಚಾದಷ್ಟೇ ಬೇಗ ಹೊಸದು ಬಂದು ಸೇರುವುದಿಲ್ಲ. ಆಗ ಮಿಕ್ಕ ವಿದ್ಯುತ್ತು ಹೈಡ್ರೋಜನ್ ಬಿಡಿಸತೊಡಗುತ್ತದೆ. ಗುಳ್ಳೆ ಕಂಡಿರಬೇಕಲ್ಲ? ಬಂದ ತಾಮ್ರಕ್ಕೂ ಹರಳು ಕಟ್ಟಲು ಪುರುಸೊತ್ತಿಲ್ಲ, ಪುಡಿಯಾಗಿ ಕೂರುತ್ತದೆ. ನಿಮ್ಮ ಅರ್ಧ ಗ್ರಾಮಿನಲ್ಲಿ ಒಂದಿಷ್ಟು ಪಾತ್ರೆಯ ತಳದಲ್ಲಿ ಉದುರಿದೆ, ಮಿಕ್ಕಿದ್ದು ದ್ರಾವಣದಲ್ಲೇ ಇದೆ.

ಬಿಲ್ಲೆಯ ಎರಡೂ ಮುಖ ಸೇರಿ 20 ಚದರ ಸೆಂ.ಮೀ. ಕಲಕದ ದ್ರಾವಣದಲ್ಲಿ ನಾನು 100 ಚದರ ಸೆಂ.ಮೀ.ಗೆ 2 ಆಂಪಿಯರ್ ದಾಟುವುದಿಲ್ಲ. ಅಂದರೆ ನಿಮಗೆ 0.4 ಸಾಕು, ಕೊಟ್ಟದ್ದು ಅದರ ಐದು ಪಟ್ಟು. ಆಂಪಿಯರ್ ಕಟ್ಟಿಹಾಕುವ ಗುಂಡಿಯಿರುವ ಪವರ್ ಸಪ್ಲೈ ಸಿಕ್ಕರೆ ವೋಲ್ಟೇಜ್ ತಾನಾಗಿ ಹೊಂದಿಕೊಳ್ಳುತ್ತದೆ. ಅರ್ಧ ಗಂಟೆಗೆ ಸುಮಾರು 13 ಮೈಕ್ರಾನ್ ಕೂರುತ್ತದೆ. ಲೀಟರಿಗೆ 130 ಮಿ.ಲೀ.ಯಷ್ಟು ಬ್ಯಾಟರಿ ಆಸಿಡ್ ಸೇರಿಸಿದರೆ ದ್ರಾವಣದ ಅಡ್ಡಿ ಇಳಿಯುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು ದ್ರಾವಣಕ್ಕೆ ಆಸಿಡ್ ಸುರಿಯಿರಿ, ಆಸಿಡ್‌ಗೆ ದ್ರಾವಣವನ್ನಲ್ಲ.

ಮೊಳೆಡಬ್ಬಿ:
ಇದೇ ದ್ರಾವಣಕ್ಕೆ ಕಬ್ಬಿಣದ ಮೊಳೆ ಅದ್ದಬೇಡಿ. ತಂತಿ ಸಿಕ್ಕಿಸದಿದ್ದರೂ ತಾಮ್ರ ಕೂರುತ್ತದೆ, ಒರೆಸಿದರೆ ಹೋಗುತ್ತದೆ. ಕಬ್ಬಿಣಕ್ಕೆ ಮೊದಲು ನಿಕಲ್ ಪದರ ಬೇಕು.

ಹಿತ್ತಾಳೆಪ್ರಿಯ:
ಪುಡಿ ಉಜ್ಜಿ ತೆಗೆದು, ಹುಣಸೆಹಣ್ಣಿನಲ್ಲಿ ತಿಕ್ಕಿ, ನೀರು ಹನಿಗಟ್ಟದೆ ಹರಡುವವರೆಗೆ ತೊಳೆದೆ. ಪಟ್ಟಿಯನ್ನು 2 ಸೆಂ.ಮೀ.ನಿಂದ 6ಕ್ಕೆ ಸರಿಸಿ 0.4 ಆಂಪಿಯರಿಗೆ ಕಟ್ಟಿದೆ. ವೋಲ್ಟ್ ಮೀಟರ್ 1ರ ಆಸುಪಾಸಿನಲ್ಲೇ ನಿಂತಿತು! ಪದರ ನಸುಗೆಂಪಾಗಿದೆ, ಉಗುರಿಗೆ ಏಳುತ್ತಿಲ್ಲ. ನಾಲ್ಕು ಮೂಲೆಗಳಲ್ಲಿ ಮಾತ್ರ ರವೆಯಂಥ ಕಾಳು.

ಹಳೆಗಿಲೀಟು:
ವಿದ್ಯುತ್ತು ಮೂಲೆಗೆ ಹೆಚ್ಚು ಮುತ್ತುತ್ತದೆ. 0.3ಕ್ಕೆ ಇಳಿಸಿ, ಬಿಲ್ಲೆಯನ್ನು ಆಗಾಗ ತಿರುಗಿಸಿ. ಇನ್ನೊಂದು ತಾಮ್ರದ ಪಟ್ಟಿಯನ್ನು ಎದುರು ಬದಿಗೂ ಇಳಿಬಿಡಿ.