15 ಮೀಟರ್ ದಾಟಿದ ಮೇಲೆ ಉಸಿರು ಸಾಲುತ್ತಿಲ್ಲ, ಯಾಕೆ?

ಕಲಬುರಗಿ_ಹುಡುಗ:
ನಮಸ್ಕಾರ ರೀ ಎಲ್ಲರಿಗೂ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ (ಗಾಳಿ ಸಿಲಿಂಡರ್ ಹೊತ್ತು ಸಮುದ್ರದಲ್ಲಿ ಮುಳುಗುವ) ಕೋರ್ಸ್ ಮುಗಿಸಿದ್ದೇನೆ, 18 ಮೀಟರ್‌ವರೆಗೆ ಇಳಿಯುವ ಕಾರ್ಡ್ ಸಿಕ್ಕಿದೆ. ಮೇಲೆ ಮೇಲೆ ಇದ್ದಾಗ ಏನೂ ತೊಂದರೆ ಇಲ್ಲ. 15 ಮೀಟರ್ ದಾಟಿ, ಅದರಲ್ಲೂ ನೀರಿನ ಸೆಳೆತಕ್ಕೆ ಎದುರಾಗಿ ಕಾಲು ಬಡಿಯುವಾಗ, ಎಷ್ಟು ಎಳೆದುಕೊಂಡರೂ ಉಸಿರು ಸಾಲುವುದಿಲ್ಲ ಅನಿಸುತ್ತದೆ. ಸಿಲಿಂಡರ್‌ನಲ್ಲಿ ಆಗ ಇನ್ನೂ ಸಾಕಷ್ಟು, 120 ಬಾರ್ ಗಾಳಿ ಇತ್ತು. ದೋಣಿಗೆ ಬಂದ ಮೇಲೆ ತಲೆನೋವು. ಅಸ್ತಮಾ ಇಲ್ಲ, ಸಿಗರೇಟು ಇಲ್ಲ, ಚಿಕ್ಕಂದಿನಿಂದ ಬಾವಿಯಲ್ಲಿ ಈಜಿದವನು. ಜೊತೆಯವರು ಹೆದರಿಕೆ ಅಷ್ಟೇ ಅಂದರು. ಅಷ್ಟೇನಾ?

ಯಾದಗಿರಿ_ಡೈವರ್:
ಅಷ್ಟೇ ಅಲ್ಲ ತಮ್ಮಾ. ದಡದಲ್ಲಿ ಒತ್ತಡ 1 ಬಾರ್, 10 ಮೀಟರ್ ಆಳದಲ್ಲಿ 2 ಬಾರ್, 20ರಲ್ಲಿ 3 ಬಾರ್. ಅಂದರೆ ಅಲ್ಲಿ ನೀನು ಎಳೆಯುವ ಗಾಳಿ ದಡದ ಗಾಳಿಗಿಂತ ಮೂರು ಪಟ್ಟು ದಟ್ಟ. ಅದನ್ನು ಎಳೆಯಲೂ ಬಿಡಲೂ ಎದೆಗೆ ಜಾಸ್ತಿ ಕೆಲಸ. ಅದರ ಮೇಲೆ ಜೋರಾಗಿ ಕಾಲು ಬಡಿದರೆ ಕಾರ್ಬನ್ ಡೈಆಕ್ಸೈಡ್ ಬೇಗ ಹುಟ್ಟುತ್ತದೆ, ಹೊರಗೆ ಹೋಗುವುದು ಮಾತ್ರ ನಿಧಾನ. ಉಸಿರು ಸಾಲುತ್ತಿಲ್ಲ ಅಂತ ಮೆದುಳು ಕೂಗುವುದು ಹೆಚ್ಚಾಗಿ ಇದರಿಂದ, ಆಕ್ಸಿಜನ್ ಕಮ್ಮಿ ಆಗಿ ಅಲ್ಲ. ಆಮೇಲಿನ ತಲೆನೋವಿಗೂ ಇದೇ ಕಾರಣ ಇರಬಹುದು. ಸಣ್ಣ ಸಣ್ಣ ಉಸಿರು ಬೇಗ ಬೇಗ ತೆಗೆದುಕೊಂಡರೆ ಇನ್ನೂ ಕೆಡುತ್ತದೆ, ಹಳೇ ಗಾಳಿಯೇ ಗಂಟಲಲ್ಲಿ ಹೋಗಿ ಬಂದು ಮಾಡುತ್ತದೆ.

ಬಾವಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಕಡೆ ಬಾವಿಯಲ್ಲಿ ಮುಳುಗು ಹಾಕಿ ಕಲಿತವರಿಗೆ ಉಸಿರು ಕಟ್ಟುವುದು ರೂಢಿಯಾಗಿರುತ್ತದೆ. ಸ್ಕೂಬಾದಲ್ಲಿ ಅದೇ ಶತ್ರು. ಗಾಳಿ ಉಳಿಯಲಿ ಅಂತ ಒಂದೊಂದು ಉಸಿರನ್ನು ತಡೆದು ಹಿಡಿಯುತ್ತೀಯಾ, ನೋಡಿಕೋ.

ಉಸಿರು ಸಾಲದಂಗಾದಾಗ ಕಾಲು ನಿಲ್ಲಿಸು. ಬಂಡೆ ಸಿಕ್ಕರೆ ಹಿಡಿದುಕೋ. ಉಸಿರನ್ನು ಉದ್ದಕ್ಕೆ, ಪೂರ್ತಿ ಹೊರಗೆ ಬಿಡು, ಎಳೆಯುವುದು ತಾನೇ ಆಗುತ್ತದೆ. ಅಂಗೈ ಅಡ್ಡ ಹಿಡಿದು ಅಲ್ಲಾಡಿಸಿ ಜೊತೆಯವನಿಗೆ ತೋರಿಸು. ಎರಡು ಮೂರು ನಿಮಿಷದಲ್ಲಿ ಹದಕ್ಕೆ ಬರದಿದ್ದರೆ ಡೈವ್ ಅಲ್ಲಿಗೇ ಸಾಕು.

ಬೀದರ_ಡಾಕ್ಟರ್:
ಮೇಲಿನವರು ಹೇಳಿದ್ದು ಸರಿ. ಒಂದು ಕೇಳಬೇಕು, ಕೆಮ್ಮು ಬಂತಾ? ಎದೆಯಲ್ಲಿ ಗರಗರ ಸದ್ದು, ಗುಲಾಬಿ ಬಣ್ಣದ ನೊರೆ ಕಫ? ನೀರಿನಲ್ಲಿ ಇರುವಾಗ ಕೈಕಾಲಿನ ರಕ್ತ ಎದೆ ಕಡೆ ಸರಿಯುತ್ತದೆ, ಕೆಲವರಿಗೆ ಅದರಿಂದ ಶ್ವಾಸಕೋಶದೊಳಗೆ ರಕ್ತದ ನೀರಿನಂಶ ಜಿನುಗುತ್ತದೆ. ಬಿಪಿ ಇರುವವರಿಗೆ ಇದರ ಅಪಾಯ ಜಾಸ್ತಿ. ಸುಮ್ನೆ ತೇಲುತ್ತಿದ್ದಾಗಲೂ ಏದುಸಿರು ಬಂದರೆ ಹೆದರಿಕೆ ಅಂತ ತಳ್ಳಿಹಾಕಬೇಡಿ. ತಕ್ಷಣ ನೀರಿನಿಂದ ಹೊರಗೆ ಬಂದು ಆಕ್ಸಿಜನ್ ಕೊಡಿಸಿಕೊಳ್ಳಬೇಕು. ಒಮ್ಮೆ ಆದವರಿಗೆ ಮತ್ತೆ ಆಗಬಹುದು. ಮುಂದಿನ ಸಲಕ್ಕೆ ಮೊದಲು ಬಿಪಿ, ಇಸಿಜಿ ನೋಡಿಸಿಕೊಳ್ಳಿ, ಕಲಬುರಗಿಯಲ್ಲೇ ಆಗುವ ಕೆಲಸ.

ಕಲಬುರಗಿ_ಹುಡುಗ:
ಕೆಮ್ಮು ಇರಲಿಲ್ಲ ಡಾಕ್ಟ್ರೇ, ಬಿಪಿ ನೋಡಿಸುತ್ತೇನೆ. ಅಣ್ಣಾ, ಉಸಿರು ಎಳೆದಾಗಲೆಲ್ಲ ಸಿಲಿಂಡರ್‌ನ ಗಾಳಿ ತೋರಿಸುವ ಗೇಜಿನ ಮುಳ್ಳು ಸ್ವಲ್ಪ ಕೆಳಗೆ ಬಿದ್ದು ಮತ್ತೆ ಏಳುತ್ತಿತ್ತು. ಅದು ಮಾಮೂಲಿನಾ?

ಯಾದಗಿರಿ_ಡೈವರ್:
ಇದನ್ನು ಮೊದಲೇ ಹೇಳಬೇಕಿತ್ತು ಮಾರಾಯಾ! ಮಾಮೂಲಿ ಅಲ್ಲ. ಸಿಲಿಂಡರ್ ವಾಲ್ವ್ ಪೂರ್ತಿ ತೆರೆದಿರಲಿಲ್ಲ ಅನಿಸುತ್ತದೆ. ಅರೆಬರೆ ತೆರೆದ ವಾಲ್ವ್ ದೋಣಿಯಲ್ಲಿ ಗೊತ್ತೇ ಆಗಲ್ಲ, ಆಳದಲ್ಲಿ ಪ್ರತಿ ಉಸಿರಿಗೂ ಗಾಳಿ ಜಾಸ್ತಿ ಬೇಕಲ್ವಾ, ಅಲ್ಲಿ ಸಾಲುವುದಿಲ್ಲ. ನೀರಿಗೆ ಹಾರುವ ಮೊದಲು ಗೇಜ್ ನೋಡುತ್ತಾ ರೆಗ್ಯುಲೇಟರ್‌ನಿಂದ (ಬಾಯಿಗೆ ಗಾಳಿ ಕೊಡುವ ಸಾಧನ) ನಾಲ್ಕೈದು ಜೋರು ಉಸಿರು ಎಳೆ. ಮುಳ್ಳು ಅಲ್ಲಾಡಬಾರದು. ವಾಲ್ವ್ ಪೂರ್ತಿ ತೆರೆದ ಮೇಲೂ ಅಲ್ಲಾಡಿದರೆ ಆ ಸೆಟ್ ಬೇಡ ಅನ್ನು, ಸಂಕೋಚ ಬೇಡ. ವೆಟ್‌ಸೂಟ್ ಎದೆಗೆ ಬಿಗಿ ಇದ್ದರೂ ಬದಲಿಸಿ ಕೇಳು.

ಇನ್ನೊಂದು, ಗಾಬರಿಯಲ್ಲಿ ಉಸಿರು ಕಟ್ಟಿಕೊಂಡು ಮೇಲಕ್ಕೆ ಹಾರಬೇಡ. ಒಂದೆರಡು ಮೀಟರ್ ಏರಿದರೂ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಬಿಡುತ್ತಲೇ ಏರು, ನಿಮಿಷಕ್ಕೆ 9 ಮೀಟರ್ ಮೀರದಂತೆ. ಗಾಳಿ ಇದ್ದು ಉಸಿರು ಹದಕ್ಕೆ ಬಂದಿದ್ದರೆ 5 ಮೀಟರ್‌ನಲ್ಲಿ 3 ನಿಮಿಷ ನಿಂತು ಬಾ.