ಓದುಗರ ಸ್ಪಂದನ: ಅತ್ತೆ ಆ ಫಾರಂಗೆ ಸಹಿ ಹಾಕಬೇಕೇ?

ಕಳೆದ ಸಂಚಿಕೆಯ ಸಮಸ್ಯೆ: ದಾವಣಗೆರೆ ಕಡೆಯವರಾದ ನಾವು ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದೇವೆ. ಜೊತೆಗಿರುವ ಅತ್ತೆಗೆ ಸಕ್ಕರೆ ಕಾಯಿಲೆ. ಹೊಸ ಮಾತ್ರೆಯೊಂದರ ಪರೀಕ್ಷೆಗೆ ದಕ್ಷಿಣ ಏಷ್ಯಾ ಮೂಲದವರು ಬೇಕಾಗಿದ್ದಾರೆ ಎಂದು ಅವರಿಗೆ ಪತ್ರ ಬಂದಿದೆ. ‘ಪುಕ್ಕಟೆ ತಪಾಸಣೆ ಸಿಗುತ್ತೆ, ಸಹಿ ಹಾಕಿಸು’ ಎನ್ನುತ್ತಾರೆ ನಮ್ಮನೆಯವರು. ಇಂಗ್ಲಿಷ್ ಬಾರದ ಅತ್ತೆ ‘ಡಾಕ್ಟ್ರು ಹೇಳಿದ ಮೇಲೆ ಮುಗೀತಲ್ಲ’ ಎನ್ನುತ್ತಾರೆ. ಆದರೆ ಇದೇ ಊರಿನಲ್ಲಿ 1969ರಲ್ಲಿ ನಮ್ಮಂಥ ಹೆಂಗಸರಿಗೆ ವಿಕಿರಣದ ಚಪಾತಿ ತಿನ್ನಿಸಿದ್ದರು ಎಂದು ಪಕ್ಕದ ಮನೆಯ ಪಂಜಾಬಿ ಅಜ್ಜಿ ಹೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಏನು ಮಾಡಲಿ?

*

ಪತ್ರ ಬಂದಿರುವುದು ಅತ್ತೆಗೆ. ಮಗ ಹಾಕಿಸು ಅಂತಾನೆ, ಸೊಸೆಗೆ ಹೆದರಿಕೆ. ರಕ್ತ ಕೊಡಬೇಕಾದವರನ್ನು ಕೂರಿಸಿಕೊಂಡು ಯಾರೂ ವಿಚಾರಿಸಿದ ಹಾಗೆ ಕಾಣುವುದಿಲ್ಲವಲ್ಲ! ಮೊದಲು ಆ ಕೆಲಸ ಆಗಲಿ.
– ಗೃಹಿಣಿ, ಹಾಸನ

*

ತಂಗಿ, ಆ ಅಜ್ಜಿ ಹೇಳಿದ್ದು ಕಟ್ಟುಕತೆಯಲ್ಲ. ಆಗ ಇಲ್ಲಿಗೆ ವಲಸೆ ಬಂದ ಏಷ್ಯಾದ ಹೆಂಗಸರಲ್ಲಿ ರಕ್ತಹೀನತೆ ಹೆಚ್ಚಾಗಿ ಕಾಣುತ್ತಿತ್ತು. ಚಪಾತಿಯಲ್ಲಿರುವ ಕಬ್ಬಿಣದಂಶ ಮೈಗೆ ಎಷ್ಟು ಹತ್ತುತ್ತದೆ ಎಂದು ತಿಳಿಯಲು ಇಲ್ಲಿನ ಸರ್ಕಾರಿ ಸಂಸ್ಥೆ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಹಣದಲ್ಲಿ ಒಂದು ಅಧ್ಯಯನ ನಡೆಯಿತು. ಉದ್ದೇಶದಲ್ಲಿ ಹುಳುಕು ಹುಡುಕುವುದು ಕಷ್ಟ. ನಡೆದ ರೀತಿ ನೋಡಿ. ತಲೆನೋವಿನಂಥ ತೊಂದರೆಗೆಂದು ಡಾಕ್ಟರ ಹತ್ತಿರ ಹೋಗಿದ್ದ ಹೆಂಗಸರ ಮನೆಬಾಗಿಲಿಗೆ ಕಬ್ಬಿಣ-59 ಎಂಬ ವಿಕಿರಣಶೀಲ ವಸ್ತು ಸೇರಿಸಿ ಮಾಡಿದ ಚಪಾತಿ ಬಂತು. ಒಟ್ಟು 21 ಹೆಂಗಸರು ಎನ್ನುತ್ತಾರೆ. ಆಮೇಲೆ ಅವರನ್ನು ಹಾರ್ವೆಲ್‌ನ ಅಣುಶಕ್ತಿ ಸಂಶೋಧನಾ ಕೇಂದ್ರಕ್ಕೆ ಕರೆದೊಯ್ದು ಮೈಯಲ್ಲಿ ಎಷ್ಟು ಉಳಿದಿದೆ ಎಂದು ಅಳೆದರು. ಹೆಚ್ಚಿನವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. 1995ರಲ್ಲಿ ಟಿವಿಯ ಸಾಕ್ಷ್ಯಚಿತ್ರವೊಂದು ಇದನ್ನು ಬಯಲಿಗೆಳೆಯಿತು. 2023ರಲ್ಲಿ ನಿಮ್ಮೂರಿನ ಸಂಸದೆ ತೈವೊ ಓವಾಟೆಮಿ ಪೂರ್ಣ ತನಿಖೆ ಆಗಬೇಕೆಂದು ಕೇಳಿದ ಮೇಲೆ ಮತ್ತೆ ಸುದ್ದಿಯಾಯಿತು. ವಿಕಿರಣದ ಪ್ರಮಾಣ ತೀರಾ ಕಡಿಮೆ ಇತ್ತೆಂದೇ ಇಟ್ಟುಕೊಳ್ಳೋಣ. ತಟ್ಟೆಯಲ್ಲಿರುವುದು ಏನೆಂದು ಹೇಳದೆ ಉಣ್ಣಿಸುವ ಹಕ್ಕು ಯಾರಿಗೂ ಇಲ್ಲ.

ನಿಮಗೊಂದು ಮಾತು: ದಯವಿಟ್ಟು ನೀವೇ ದುಭಾಷಿ ಆಗಬೇಡಿ. ಅಮ್ಮನ ಜೊತೆ ಆಸ್ಪತ್ರೆಗೆ ಹೋಗುವ ನನಗೆ ಗೊತ್ತು, ಹೆದರಿಸುವ ಮಾತು ಬಂದಾಗ ನಾವು ಅರ್ಧ ನುಂಗಿಕೊಂಡೇ ಹೇಳುತ್ತೇವೆ. ನಿಮ್ಮ ಯಜಮಾನರಂತೂ ಬೇಡವೇ ಬೇಡ, ಅವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಕನ್ನಡ ದುಭಾಷಿ ಬೇಕೆಂದು ಕೇಳಿ. ಇಲ್ಲಿ ಅದಕ್ಕೆ ರೋಗಿ ದುಡ್ಡು ಕೊಡಬೇಕಾಗಿಲ್ಲ.
– ಶಾಲಾ ಸಹಾಯಕಿ, ಲೆಸ್ಟರ್

*

ಅಲಬಾಮಾದ ಪಕ್ಕದ ಜಾರ್ಜಿಯಾದಲ್ಲಿ ನಾನು ಔಷಧ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಹೊಸ ಲಸಿಕೆ, ಹೊಸ ಮಾತ್ರೆ ಎಂದರೆ ಇಲ್ಲಿನ ಕಪ್ಪು ಜನಾಂಗದ ಹಿರಿಯರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಓದಿಲ್ಲದವರ ಭಯ ಎಂದು ಕೆಲವರು ನಗುವುದುಂಟು. ಅದು ಓದಿಲ್ಲದವರ ಭಯವಲ್ಲ, ಕಂಡವರ ಭಯ.

1932ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯವರು ಅಲಬಾಮಾದ ಮೇಕನ್ ಕೌಂಟಿಯಲ್ಲಿ, ಕಪ್ಪು ಜನಾಂಗದವರ ಕಾಲೇಜಾದ ಟಸ್ಕೀಗಿ ಸಂಸ್ಥೆಯನ್ನು ಜೊತೆಗಿಟ್ಟುಕೊಂಡು, ಸುಮಾರು 600 ಕಪ್ಪು ಗಂಡಸರನ್ನು ಆರಿಸಿಕೊಂಡರು. ಹೆಚ್ಚಿನವರು ಹತ್ತಿ ಹೊಲದ ಬಡ ಗೇಣಿದಾರರು. 399 ಮಂದಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು, 201 ಮಂದಿಗೆ ಇರಲಿಲ್ಲ. ರೋಗದ ಹೆಸರು ಹೇಳಲಿಲ್ಲ, ‘ನಿಮ್ಮ ರಕ್ತ ಕೆಟ್ಟಿದೆ’ ಎಂದರು. ಔಷಧ ಕೊಡದಿದ್ದರೆ ಕೊನೆಯವರೆಗೆ ಏನಾಗುತ್ತದೆಂದು ನೋಡುವುದು ಅಧ್ಯಯನದ ಗುರಿ. ಬೆನ್ನುಮೂಳೆಗೆ ಸೂಜಿ ಚುಚ್ಚಿ ನೀರು ತೆಗೆಯುವ ಪರೀಕ್ಷೆಗೆ ಕರೆದ ಪತ್ರದಲ್ಲಿ ‘ವಿಶೇಷ ಉಚಿತ ಚಿಕಿತ್ಸೆಗೆ ಇದು ಕೊನೆಯ ಅವಕಾಶ’ ಎಂದು ಬರೆದಿದ್ದರು. ಬಿಸಿಯೂಟ, ಕಾರಿನಲ್ಲಿ ಕರೆದೊಯ್ಯುವುದು, ಸತ್ತರೆ ಮಣ್ಣು ಮಾಡುವ ಖರ್ಚು ಎಲ್ಲವೂ ಉಂಟು. ಮಣ್ಣಿನ ಖರ್ಚು ಬೇಕೆಂದರೆ ಶವವನ್ನು ಕೊಯ್ದು ನೋಡಲು ಒಪ್ಪಬೇಕು. 1947ರ ಹೊತ್ತಿಗೆ ಪೆನಿಸಿಲಿನ್ ಈ ರೋಗಕ್ಕೆ ಎಲ್ಲೆಡೆ ಕೊಡುವ ಔಷಧವಾಗಿತ್ತು. ಇವರಿಗೆ ಕೊಡಲಿಲ್ಲ, ಇನ್ನೂ 25 ವರ್ಷ.

ಗುಟ್ಟಾಗಿ ನಡೆಯಿತು ಎಂದುಕೊಳ್ಳಬೇಡಿ. 1936ರಿಂದಲೇ ವೈದ್ಯಕೀಯ ಪತ್ರಿಕೆಗಳಲ್ಲಿ ಫಲಿತಾಂಶ ಅಚ್ಚಾಗುತ್ತಿತ್ತು. ಓದಿದ ಸಾವಿರಾರು ಡಾಕ್ಟರರಲ್ಲಿ ಆಕ್ಷೇಪ ಎತ್ತಿದವರು ಬೆರಳೆಣಿಕೆ. ಪೀಟರ್ ಬಕ್ಸ್‌ಟನ್ ಎಂಬ ನೌಕರ 1966ರಿಂದ ಮೇಲಿನವರಿಗೆ ಬರೆದು ಬರೆದು ಸಾಕಾಗಿ ಸುದ್ದಿಗಾರರಿಗೆ ತಿಳಿಸಿದರು. 1972ರಲ್ಲಿ ಪತ್ರಕರ್ತೆ ಜೀನ್ ಹೆಲ್ಲರ್ ವರದಿ ಬಂದ ಮೇಲೆಯೇ ನಿಂತಿತು. ಯಾವ ಡಾಕ್ಟರೂ ಜೈಲಿಗೆ ಹೋಗಲಿಲ್ಲ. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳುವಾಗ ಬದುಕಿದ್ದವರು ಎಂಟೇ ಮಂದಿ.

ಇಷ್ಟು ಬರೆದದ್ದು ಒಂದು ಕಾರಣಕ್ಕೆ. ಆ ಗಂಡಸರನ್ನು ವರ್ಷಗಟ್ಟಲೆ ಹಿಡಿದಿಟ್ಟದ್ದು ಅವರ ಮನೆಮನೆಗೂ ಬೇಕಾಗಿದ್ದ, ಅವರದೇ ಜನಾಂಗದ ನರ್ಸ್ ಯೂನಿಸ್ ರಿವರ್ಸ್. ನಿಮ್ಮ ಕ್ಲಿನಿಕ್ಕಿನಲ್ಲಿ ‘ನಮ್ಮ ಕಡೆಯ ಡಾಕ್ಟರೇ ಇದ್ದಾರೆ’ ಎಂಬ ಧೈರ್ಯದ ಮೇಲೆ ಸಹಿ ಹಾಕಿಸಬೇಡಿ.
– ಫಾರ್ಮಸಿಸ್ಟ್, ಅಟ್ಲಾಂಟಾ

*

ಹಳೆಯ ಪಾಪಗಳ ಪಟ್ಟಿ ಓದಿ ನೀವು ಪತ್ರವನ್ನು ಹರಿದು ಹಾಕುತ್ತೀರೇನೋ ಎಂಬ ಆತಂಕದಿಂದ ಬರೆಯುತ್ತಿದ್ದೇನೆ. ದೂರ ಉಳಿದರೂ ನಷ್ಟ ನಮಗೇ. ಕೋವಿಡ್ ಕಾಲದಲ್ಲಿ ಎಲ್ಲರ ಬೆರಳಿಗೂ ಸಿಕ್ಕಿಸುತ್ತಿದ್ದ ಆಕ್ಸಿಮೀಟರ್ ನೆನಪಿದೆಯಲ್ಲ? ರಕ್ತದಲ್ಲಿ ಆಮ್ಲಜನಕ ಕುಸಿದಿದ್ದರೂ ಯಂತ್ರ ‘ಸರಿಯಿದೆ’ ಎಂದು ತೋರಿಸುವ ಪ್ರಮಾದ ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಗಾಢ ಬಣ್ಣದ ಚರ್ಮದ ಮೇಲೆ ಸಾಕಷ್ಟು ಪರೀಕ್ಷಿಸದೆ ಮಾರುಕಟ್ಟೆಗೆ ಬಿಟ್ಟರೆ ಆಗುವುದೇ ಇದು. ಇದೂ ಜನಾಂಗಭೇದವೇ, ಬೈಗುಳ ಇಲ್ಲದ್ದು. ನಮ್ಮವರಿಗೆ ಮೈ ದಪ್ಪವಿಲ್ಲದಿದ್ದರೂ, ಚಿಕ್ಕ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ. ನಮ್ಮ ಮೈಯಲ್ಲಿ ಆ ಮಾತ್ರೆ ಹೇಗೆ ಕೆಲಸ ಮಾಡುತ್ತದೆಂದು ನಮ್ಮನ್ನು ಬಿಟ್ಟು ಯಾರಲ್ಲಿ ನೋಡುವುದು? ನನ್ನ ಅಮ್ಮನಾಗಿದ್ದರೆ, ಎಲ್ಲ ವಿಚಾರಿಸಿ, ಸೇರಿ ಎನ್ನುತ್ತಿದ್ದೆ.
– ಸಂಶೋಧನಾ ವಿದ್ಯಾರ್ಥಿ, ಮಂಗಳೂರು

*

ಬಿಳಿಯರನ್ನಷ್ಟ ಬೈದು ಕುಂದರಬ್ಯಾಡ್ರಿ. ದಿಲ್ಲಿಯೊಳಗ ನಮ್ಮ ಸರ್ಕಾರಿ ಸಂಶೋಧಕರು 1976ರಿಂದ ಮುಂದ ಹನ್ನೆರಡು ವರ್ಷ, ಗರ್ಭಕಂಠದಾಗ ಕ್ಯಾನ್ಸರ್‌ಗೆ ತಿರುಗಬಹುದಾದ ಗಾಯ ಇದ್ದ 1,100ಕ್ಕೂ ಹೆಚ್ಚು ಹೆಣ್ಮಕ್ಕಳನ್ನ ಚಿಕಿತ್ಸೆ ಇಲ್ಲದ ಸುಮ್ಮನ ನೋಡಕೋತ ಕೂತಿದ್ದರು. ಅಲ್ಲಿ ಬಣ್ಣ, ಇಲ್ಲಿ ಬಡತನ.
– ನಿವೃತ್ತ ನೌಕರ, ಧಾರವಾಡ

*

ಔಷಧ ಪ್ರಯೋಗಗಳು ನ್ಯಾಯವಾಗಿ ನಡೆಯುತ್ತವೆಯೇ ಎಂದು ನೋಡುವ, ಬೆಂಗಳೂರಿನ ಒಂದು ಆಸ್ಪತ್ರೆಯ ನೈತಿಕ ಸಮಿತಿಯಲ್ಲಿ ನಾನು ವೈದ್ಯಳಲ್ಲದ ಸದಸ್ಯೆ. ನಮ್ಮಲ್ಲಿ ಕೆಲವು ಬಗೆಯ ಪ್ರಯೋಗಗಳಿಗೆ ದುರ್ಬಲ ವರ್ಗದವರನ್ನು ಸೇರಿಸಿಕೊಳ್ಳುವಾಗ ಒಪ್ಪಿಗೆಯನ್ನು ವಿಡಿಯೊ ಮಾಡಲೇಬೇಕು. ಅಂಥ ಒಂದು ವಿಡಿಯೊದಲ್ಲಿ ಡಾಕ್ಟರು ಚೆನ್ನಾಗಿಯೇ ವಿವರಿಸಿದ್ದರು. ಅಜ್ಜಿ ಸೆರಗು ಸರಿಮಾಡಿಕೊಂಡು, ಎಲ್ಲದಕ್ಕೂ ತಲೆಯಾಡಿಸಿ, ಹೆಬ್ಬೆಟ್ಟು ಒತ್ತಿದರು. ಕೊನೆಗೆ ನರ್ಸ್, ‘ಏನು ಅರ್ಥ ಆಯ್ತು, ಹೇಳಿ ಅಮ್ಮಾ’ ಎಂದರೆ, ‘ಒಳ್ಳೆ ಮಾತ್ರೆ ಕೊಡ್ತಾರಂತಲ್ಲವ್ವಾ’ ಎಂದರು. ಆ ಪ್ರಯೋಗದಲ್ಲಿ, ಹೋಲಿಸಿ ನೋಡಲೆಂದು, ಅರ್ಧ ಜನಕ್ಕೆ ಸಿಗುವುದು ಔಷಧವಿಲ್ಲದ ಹುಸಿ ಮಾತ್ರೆ. ಎಲ್ಲರಿಗೂ ಮತ್ತೆ ವಿವರಿಸಿ ಎಂದು ಸಮಿತಿ ಆ ಕಡತವನ್ನು ವಾಪಸ್ ಕಳಿಸಿತು.

ನಿಮ್ಮ ಅತ್ತೆಯ ‘ಡಾಕ್ಟ್ರು ಹೇಳಿದ ಮೇಲೆ ಮುಗೀತಲ್ಲ’ ಓದಿದಾಗ ಆ ಅಜ್ಜಿಯೇ ಕಣ್ಣೆದುರು ಬಂದರು. ಮಾಹಿತಿ ಪತ್ರವನ್ನು ಮನೆಗೆ ತನ್ನಿ, ಅಲ್ಲೇ ಸಹಿ ಬೇಡ. ಯಾವ ನೈತಿಕ ಸಮಿತಿ ಒಪ್ಪಿದೆ ಎಂಬುದು ಅದರಲ್ಲಿರಬೇಕು. ಹುಸಿ ಮಾತ್ರೆ ಸಿಗುವ ಸಾಧ್ಯತೆ ಎಷ್ಟು, ರಕ್ತದ ಮಾದರಿಯನ್ನು ಆಮೇಲೆ ಏನು ಮಾಡುತ್ತಾರೆ, ಏನಾದರೂ ತೊಂದರೆಯಾದರೆ ರಾತ್ರಿ ಯಾರಿಗೆ ಫೋನ್ ಮಾಡುವುದು, ಕೇಳಿ. ನಡುವೆ ಬಿಡಬೇಕೆನಿಸಿದರೆ ಕಾರಣ ಹೇಳದೆ ಬಿಡಬಹುದು, ಎಂದಿನ ಚಿಕಿತ್ಸೆಗೆ ಅಡ್ಡಿಯಿಲ್ಲ. ಇದು ಅಲ್ಲೂ ಇಲ್ಲೂ ನಿಯಮ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಈಗ ನುಂಗುತ್ತಿರುವ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಿಲ್ಲಿಸುತ್ತಾರೆಯೇ ಎಂಬುದು. ಅದಕ್ಕೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಆಮೇಲೆ ದುಭಾಷಿಯ ಎದುರು ಅತ್ತೆಯವರೇ ಇದೇನು ಪರೀಕ್ಷೆ ಎಂದು ತಮ್ಮ ಮಾತಿನಲ್ಲಿ ಹೇಳಲಿ. ಅಲ್ಲಿಯೂ ‘ಒಳ್ಳೆ ಮಾತ್ರೆಯಂತೆ’ ಎಂದರೆ ಇನ್ನೊಂದು ದಿನ ಕೇಳಿ ಬನ್ನಿ.
– ನಿವೃತ್ತ ಶಿಕ್ಷಕಿ, ಬೆಂಗಳೂರು